ವಾಕ್ಯ ಅಧ್ಯಯನಕ್ಕೆ ಯಾವ ಪುಸ್ತಕ, ಯಾವ ಕ್ರಮದಲ್ಲಿ?

"ದಿನಾ ಬೈಬಲ್ ಓದ್ತೇನೆ, ಆದರೆ ತಲೆಗೆ ಹೋಗುವುದಿಲ್ಲ. ಯಾವ ಪುಸ್ತಕ ತಗೊಂಡರೆ ಒಳ್ಳೆಯದು?" ಬಲ್ಮಠದಲ್ಲಿ ಆರಾಧನೆ ಮುಗಿದ ಮೇಲೆ ಅಯ್ಯನವರಿಗೂ, ಕಲ್ಯಾಣಪುರದಲ್ಲಿ ಪೂಜೆ ಬಿಟ್ಟ ಮೇಲೆ ಫಾದರ್‌ಗೂ ಎದುರಾಗುವ ಪ್ರಶ್ನೆ ಇದು. ಉತ್ತರವಾಗಿ ಸಿಗುವುದು ಹೆಚ್ಚಾಗಿ ಒಂದು ದಪ್ಪ ವ್ಯಾಖ್ಯಾನದ ಹೆಸರು. ಕೇಳಿದವರು ಅದನ್ನು ಕೊಳ್ಳುತ್ತಾರೆ, ಇಪ್ಪತ್ತು ಪುಟ ಓದುತ್ತಾರೆ, ಕಪಾಟಿನಲ್ಲಿಡುತ್ತಾರೆ. ಮಳೆಗಾಲ ಕಳೆದು ತೆಗೆದು ನೋಡಿದರೆ ಬೂಸ್ಟು ಹಿಡಿದಿರುತ್ತದೆ.

ಪುಸ್ತಕ ಕೆಟ್ಟದ್ದೆಂದು ಹೀಗಾಗುವುದಲ್ಲ. ಕೊನೆಗೆ ತೆರೆಯಬೇಕಾದದ್ದನ್ನು ಮೊದಲು ತೆರೆದದ್ದರಿಂದ ಆಗುವುದು. ಆದ್ದರಿಂದ ಇಲ್ಲಿ ಪುಸ್ತಕಗಳ ಪಟ್ಟಿಗಿಂತ ಅವುಗಳನ್ನು ಕೈಗೆತ್ತಿಕೊಳ್ಳುವ ಕ್ರಮವನ್ನೇ ಮುಖ್ಯವಾಗಿ ಹೇಳುತ್ತೇವೆ. ಉದಾಹರಣೆಗೆ ಒಂದೇ ಭಾಗವನ್ನು ಕೊನೆಯವರೆಗೂ ಬಳಸುತ್ತೇವೆ: ಲೂಕ 10:25ರಿಂದ 37, ಒಳ್ಳೆಯ ಸಮಾರ್ಯದವನ ಸಾಮ್ಯ. ಸಾಮ್ಯ ಎಂದರೆ ಬೋಧನೆಗಾಗಿ ಹೇಳಿದ ಕತೆ. ಕಳ್ಳರ ಕೈಗೆ ಸಿಕ್ಕಿ ಗಾಯಗೊಂಡು ದಾರಿಯಲ್ಲಿ ಬಿದ್ದವನನ್ನು ಒಬ್ಬ ಯಾಜಕನೂ ಒಬ್ಬ ಲೇವಿಯನೂ (ದೇವಾಲಯದ ಸೇವಕ) ನೋಡಿಯೂ ದಾಟಿ ಹೋಗುತ್ತಾರೆ, ಯೆಹೂದ್ಯರಿಗೆ ಆಗದ ಸಮಾರ್ಯದವನೊಬ್ಬ ಅವನನ್ನು ಛತ್ರಕ್ಕೆ ಸೇರಿಸಿ ಆರೈಕೆ ಮಾಡುತ್ತಾನೆ. ನಿಮ್ಮ ಬೈಬಲನ್ನು ಆ ಪುಟಕ್ಕೆ ತೆರೆದಿಟ್ಟುಕೊಂಡು ಮುಂದೆ ಓದಿ.

ಬೇಕಾಗುವುದು ಇಷ್ಟು

ಮುಖ್ಯ ಬೈಬಲ್ ಒಂದು, ಬೇರೆ ಭಾಷಾಂತರದ ಬೈಬಲ್ ಇನ್ನೊಂದು, ಪದಸೂಚಿ, ಸತ್ಯವೇದ ನಿಘಂಟು, ಆರಿಸಿಕೊಂಡ ಒಂದೇ ಒಂದು ಗ್ರಂಥಕ್ಕೆ ವ್ಯಾಖ್ಯಾನ. ಒಟ್ಟು ಐದು. ಜೊತೆಗೆ 200 ಪುಟದ ಲಾಂಗ್ ನೋಟ್‌ಬುಕ್, ಎಚ್‌ಬಿ ಪೆನ್ಸಿಲ್. ಮೊದಲ ವರ್ಷಕ್ಕೆ ಇಷ್ಟು ಧಾರಾಳ ಸಾಕು. ಐದನ್ನೂ ಒಂದೇ ದಿನ ಕೊಳ್ಳಬೇಡಿ. ಮೊದಲ ಎರಡನ್ನು ತೆಗೆದುಕೊಳ್ಳಿ, ಎರಡು ತಿಂಗಳು ಓದಿ, ಆಮೇಲೆ ಮೂರನೆಯದಕ್ಕೆ ಹೋಗಿ. ಸಮಯ ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ. ಪ್ರತಿದಿನ ಎರಡು ಗಂಟೆ ಎಂದು ಹೊರಟವರು ಸಾಧಾರಣವಾಗಿ ಯಾಜಕಕಾಂಡ ದಾಟುವುದಿಲ್ಲ.

1. ಮುಖ್ಯ ಬೈಬಲನ್ನು ಆರಿಸಿ

ಕನ್ನಡದಲ್ಲಿ ಈಗ ಒಂದಕ್ಕಿಂತ ಹೆಚ್ಚು ಭಾಷಾಂತರಗಳಿವೆ. ಹೆಚ್ಚಿನ ಪ್ರೊಟೆಸ್ಟೆಂಟ್ ಮನೆಗಳಲ್ಲಿರುವುದು ಬೈಬಲ್ ಸೊಸೈಟಿಯ 'ಸತ್ಯವೇದವು', ಅಂದರೆ ಹಳೆಯ ಭಾಷಾಂತರ. ಅಂಗಡಿಯಲ್ಲಿ ಇದಕ್ಕೆ ಓವಿ ಎನ್ನುತ್ತಾರೆ. ಗಾಂಭೀರ್ಯವಿರುವ ಭಾಷೆ, ವಾಕ್ಯಗಳು ಉದ್ದ, ಕೆಲವು ಪದ ಈಗ ಬಳಕೆಯಲ್ಲಿಲ್ಲ. ಕಥೋಲಿಕರು ಕನ್ನಡ ಪೂಜೆಯಲ್ಲಿ ಕೇಳುವ ಭಾಷೆ ಸಿಎಲ್ ಎಂದು ಕರೆಯುವ ಸುಲಭ ಭಾಷಾಂತರದ್ದು. ಇದಲ್ಲದೆ ಇನ್ನೂ ಸರಳವಾದ ಇಆರ್‌ವಿ, ಬಿಬ್ಲಿಕಾದವರ ಸಮಕಾಲಿಕ ಅನುವಾದ ಉಂಟು. ಮನೆಯಲ್ಲಿ ಕೊಂಕಣಿ ಆಡುವವರಿಗೆ ಕನ್ನಡ ಲಿಪಿಯ ಕೊಂಕಣಿ ಬೈಬಲ್ ಸಿಗುತ್ತದೆ. ತುಳುವಿನ ಹೊಸ ಒಡಂಬಡಿಕೆಯಂತೂ 1847ರಲ್ಲೇ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದ ಹೊರಬಂದಿತ್ತು.

ನಮ್ಮ ಸಲಹೆ: ನಿಮ್ಮ ಸಭೆಯಲ್ಲಿ ಗಟ್ಟಿಯಾಗಿ ಓದುವ ಭಾಷಾಂತರವೇ ನಿಮ್ಮ ಮುಖ್ಯ ಬೈಬಲ್ ಆಗಲಿ. ಕಿವಿಗೆ ಬಿದ್ದ ವಾಕ್ಯವೂ ಕಣ್ಣಿಗೆ ಬೀಳುವ ವಾಕ್ಯವೂ ಒಂದೇ ಆಗಿದ್ದರೆ ನೆನಪಿನಲ್ಲಿ ಬೇಗ ಕೂರುತ್ತದೆ. ಸರಳ ಭಾಷಾಂತರ ಬೇಕೆಂದರೆ ಅದನ್ನು ಎರಡನೆಯ ಸ್ಥಾನಕ್ಕೆ ಇಡಿ.

ಪುಸ್ತಕಗಳ ಸಂಖ್ಯೆ ನೋಡಿಕೊಳ್ಳಿ. ಪ್ರೊಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, ಹಳೆಯ ಒಡಂಬಡಿಕೆಯವು 39, ಹೊಸ ಒಡಂಬಡಿಕೆಯವು 27. ಕಥೋಲಿಕ ಬೈಬಲಿನಲ್ಲಿ 73, ಏಕೆಂದರೆ ಹಳೆಯ ಒಡಂಬಡಿಕೆಯಲ್ಲಿ ತೋಬಿತ, ಯೂದಿತ, ಸಿರಾಖ, ಮಕ್ಕಬಿಯರ ಎರಡು ಪುಸ್ತಕ ಮೊದಲಾದ ಏಳು ಹೆಚ್ಚಿಗೆ ಇವೆ. ಒಂದೇ ಭಾಷಾಂತರ ಎರಡು ಬಗೆಯಲ್ಲೂ ಅಚ್ಚಾಗುವುದರಿಂದ ರಟ್ಟು ನೋಡಿ ಕೊಳ್ಳಬೇಡಿ, ಒಳಗಿನ ಪರಿವಿಡಿ ನೋಡಿ.

ಅಂಗಡಿಯಲ್ಲೇ ಮಾಡಬೇಕಾದ ಮೂರು ಪರೀಕ್ಷೆಗಳುಂಟು. ಮೊದಲನೆಯದು ಅಕ್ಷರ. ಚಿಕ್ಕ ಗಾತ್ರದ ಬೈಬಲಿನಲ್ಲಿ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ ಕಲೆಸಿಹೋಗುತ್ತವೆ. 'ಸ್ತ್ರೀ', 'ರಾಷ್ಟ್ರ' ಎಂಬ ಪದಗಳಿರುವ ಪುಟ ಹುಡುಕಿ, ಅಂಗಡಿಯ ಟ್ಯೂಬ್‌ಲೈಟಿನಿಂದ ಸ್ವಲ್ಪ ದೂರ ಬಂದು ಓದಿ. ಅಲ್ಲಿ ಕಷ್ಟವಾದರೆ ಸಂಜೆ ಮನೆಯಲ್ಲಿ ಸಾಧ್ಯವೇ ಇಲ್ಲ. ಎರಡನೆಯದು ಹೊಲಿಗೆ. ಆದಿಕಾಂಡದ ಒಂದನೆಯ ಅಧ್ಯಾಯಕ್ಕೆ ತೆರೆದು ಮೇಜಿನ ಮೇಲಿಡಿ. ತಾನಾಗಿ ಮುಚ್ಚಿಕೊಂಡರೆ ಅದು ಬರೀ ಅಂಟು ಹಾಕಿದ ಪುಸ್ತಕ ಇರಬಹುದು. ಬೆನ್ನಿನ ಕಡೆಯಿಂದ ನೋಡಿದರೆ ಹಾಳೆಗಳು ಮಡಿಕೆ ಮಡಿಕೆಯಾಗಿ ದಾರದಲ್ಲಿ ಸೇರಿರುವುದು ಕಾಣಬೇಕು. ಅಂಟಿನದ್ದು ನಮ್ಮ ಕರಾವಳಿಯ ತೇವಕ್ಕೆ ಹೆಚ್ಚು ಕಾಲ ಬಾಳುವುದಿಲ್ಲ. ಮೂರನೆಯದು ಪುಟದಂಚಿನ ಅಡ್ಡ ಉಲ್ಲೇಖ, ಅಂದರೆ ಅದೇ ಮಾತು ಬರುವ ಬೇರೆ ವಚನಗಳ ಸೂಚನೆ. ಇದು ಇಲ್ಲದ ಬೈಬಲ್ ಎಷ್ಟೇ ಚಂದವಿದ್ದರೂ ಅಧ್ಯಯನಕ್ಕೆ ತೆಗೆದುಕೊಳ್ಳಬೇಡಿ. ಜಿಪ್ ಇರುವ ರಟ್ಟಿಗೆ ಮರುಳಾಗುವವರು ಬಹಳ. ಲೋಹದ ಜಿಪ್ ಎರಡು ಮಳೆಗಾಲದಲ್ಲಿ ತುಕ್ಕು ಹಿಡಿದು ಬಟ್ಟೆಯನ್ನೂ ಪುಟದಂಚನ್ನೂ ಕೆಡಿಸುತ್ತದೆ.

ಟಿಪ್ಪಣಿ ಸಹಿತ ಬೈಬಲ್, ಅಂದರೆ ಸ್ಟಡಿ ಬೈಬಲ್ ಕೊಳ್ಳಬಹುದೇ? ಕೊಳ್ಳಬಹುದು, ಆದರೆ ಎರಡನೆಯ ಬೈಬಲ್ ಆಗಿ. ಪುಟದ ಮೇಲರ್ಧ ವಾಕ್ಯ, ಕೆಳಗರ್ಧ ಟಿಪ್ಪಣಿ ಇದ್ದರೆ ಕಣ್ಣು ಮೊದಲು ಕೆಳಗೆ ಓಡುತ್ತದೆ. ಕೆಲವು ತಿಂಗಳು ಕಳೆದರೆ ಯಾವುದು ವಾಕ್ಯ, ಯಾವುದು ಟಿಪ್ಪಣಿ ಎಂದೇ ನೆನಪಿರುವುದಿಲ್ಲ. 1909ರ ಸ್ಕೋಫೀಲ್ಡ್ ಬೈಬಲ್ ಎಂಬ ಇಂಗ್ಲಿಷ್ ಸ್ಟಡಿ ಬೈಬಲಿನ ಟಿಪ್ಪಣಿಗಳಲ್ಲಿದ್ದ ಕಾಲವಿಭಾಗದ ಸಿದ್ಧಾಂತವನ್ನು (ದೇವರು ಮನುಷ್ಯರೊಂದಿಗೆ ನಡೆದುಕೊಳ್ಳುವ ರೀತಿ ಕಾಲಕಾಲಕ್ಕೆ ಬೇರೆ ಎಂದು ಚರಿತ್ರೆಯನ್ನು ಹಂಚುವುದು) ಬೈಬಲಿನಲ್ಲೇ ಬರೆದದ್ದು ಎಂದು ಇಂದಿಗೂ ಹೇಳುವವರಿದ್ದಾರೆ.

2. ಎರಡನೆಯ ಭಾಷಾಂತರ ಪಕ್ಕದಲ್ಲಿರಲಿ

ಭಾಷಾಂತರ ಬೇರೆಯಾದರೆ ಹೆಸರುಗಳೂ ಬೇರೆಯಾಗುತ್ತವೆ. ಮೊದಲ ವಾರ ಇದರಿಂದಲೇ ತಲೆ ಕೆಡುವುದು. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಜೋಡಿ ಪದಗಳ ಪಟ್ಟಿ ಮಾಡುತ್ತಾ ಹೋಗಿ. ಓವಿಯಲ್ಲಿ ಯೆಹೋವ, ಸಿಎಲ್‌ನಲ್ಲಿ ಸರ್ವೇಶ್ವರ. ಅಲ್ಲಿ ಯೋಹಾನ, ಇಲ್ಲಿ ಯೊವಾನ್ನ. ಅಲ್ಲಿ ಅಪೊಸ್ತಲರು, ಇಲ್ಲಿ ಪ್ರೇಷಿತರು. ಅಲ್ಲಿ ಸುವಾರ್ತೆ, ಇಲ್ಲಿ ಶುಭಸಂದೇಶ. ಇಪ್ಪತ್ತು ಜೋಡಿ ಬರೆದಾದ ಮೇಲೆ ಎರಡು ಸಭೆಗಳವರು ಕೂತು ಮಾತಾಡುವುದೂ ಸುಲಭವಾಗುತ್ತದೆ.

ಕೀರ್ತನೆಗಳ ಸಂಖ್ಯೆಯಲ್ಲಿ ಎಚ್ಚರವಿರಲಿ. ಲ್ಯಾಟಿನ್ ಬೈಬಲನ್ನು ಅನುಸರಿಸಿದ ಹಳೆಯ ಕಥೋಲಿಕ ಪ್ರಾರ್ಥನಾ ಪುಸ್ತಕಗಳಲ್ಲಿ ಹೆಚ್ಚಿನ ಕೀರ್ತನೆಗಳ ಸಂಖ್ಯೆ ಒಂದು ಕಡಿಮೆ. ಇಂದಿನ 23ನೇ ಕೀರ್ತನೆ ಅಲ್ಲಿ 22, ಪಶ್ಚಾತ್ತಾಪದ 51ನೆಯದು ಅಲ್ಲಿ 50. ಅಜ್ಜಿಯ ಪುಸ್ತಕ ತಪ್ಪಾಗಿ ಅಚ್ಚಾಗಿದೆ ಎಂದು ಭಾವಿಸಬೇಡಿ.

ಓವಿಯ ಹಳೆಯ ಪದಗಳಿಗೆ ಮಂಗಳೂರಿನದೇ ಮದ್ದು ಉಂಟು. 1894ರಲ್ಲಿ ಇಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟಿನಲ್ಲಿ 'ಗೋದಲಿ'ಯಂಥ ಪದಗಳನ್ನು ಹುಡುಕಿದರೆ ಅರ್ಥ ಸಿಗುತ್ತದೆ. ದನಕ್ಕೆ ಹುಲ್ಲು ಹಾಕುವ ತೊಟ್ಟಿಯೇ ಗೋದಲಿ.

3. ಭಾಗವನ್ನು ಕತ್ತರಿಸಿಕೊಳ್ಳಿ, ಮೂರು ಸಲ ಓದಿ

ಬೈಬಲಿನ ಅಧ್ಯಾಯಗಳು ಮೂಲ ಬರಹದಲ್ಲಿ ಇರಲಿಲ್ಲ. ಈಗಿನ ವಿಭಾಗ 13ನೇ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಮಾಡಿದ್ದೆಂದು ಹೇಳಲಾಗುತ್ತದೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳನ್ನು 1551ರಲ್ಲಿ ಪ್ಯಾರಿಸ್ಸಿನ ಮುದ್ರಕ ರಾಬರ್ಟ್ ಎಸ್ತಿಯೆನ್ ಹಾಕಿದ. ಕೆಲವು ಕಡೆ ಅಧ್ಯಾಯ ತಪ್ಪು ಜಾಗದಲ್ಲಿ ತುಂಡಾಗಿದೆ: 1 ಕೊರಿಂಥ 11ರ ಮೊದಲ ವಚನ ನಿಜಕ್ಕೂ ಹತ್ತನೆಯ ಅಧ್ಯಾಯದ ಕೊನೆ. ಹಾಗಾಗಿ 'ದಿನಕ್ಕೊಂದು ಅಧ್ಯಾಯ' ಎಂಬ ಲೆಕ್ಕ ಬಿಡಿ. ಮಾತು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೋ ಅಷ್ಟನ್ನು ತೆಗೆದುಕೊಳ್ಳಿ.

ಮೊದಲ ಸಲ ಗಟ್ಟಿಯಾಗಿ ಓದಿ. ಎರಡನೆಯ ಸಲ ಪೆನ್ಸಿಲ್ ಹಿಡಿದು ಓದಿ, ಯಾರು ಮಾತಾಡುತ್ತಾರೆ, ಯಾರನ್ನು ಕೇಳುತ್ತಾರೆ ಎಂದು ಗುರುತು ಹಾಕಿ. ಮೂರನೆಯ ಸಲ ಓದಿ ಪ್ರಶ್ನೆ ಬರೆಯಿರಿ, ಕನಿಷ್ಠ ಐದು. ಉತ್ತರ ಹುಡುಕುವುದು ಈಗಲೇ ಬೇಡ.

ನಮ್ಮ ಭಾಗದಲ್ಲಿ ಹೀಗೆ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳಲೇಬೇಕು. 29ನೇ ವಚನದಲ್ಲಿ ಧರ್ಮಶಾಸ್ತ್ರ ಬಲ್ಲವನು ಕೇಳುವುದು ನನ್ನ ನೆರೆಯವನು ಯಾರು ಎಂದು. 36ರಲ್ಲಿ ಯೇಸು ತಿರುಗಿ ಕೇಳುವುದು ಈ ಮೂವರಲ್ಲಿ ಯಾರು ಅವನಿಗೆ ನೆರೆಯವನಾದ ಎಂದು. ಪ್ರಶ್ನೆಯೇ ಮಗುಚಿ ಬಿದ್ದಿದೆ. 37ರಲ್ಲಿ ಉತ್ತರಿಸುವಾಗ ಆತ 'ಸಮಾರ್ಯದವನು' ಎಂಬ ಪದವನ್ನು ಬಾಯಿಂದ ಹೊರಡಿಸುವುದಿಲ್ಲ, ದಯೆ ತೋರಿದವನು ಎಂದು ಸುತ್ತುಬಳಸಿ ಹೇಳುತ್ತಾನೆ. ಇಷ್ಟನ್ನು ಕಾಣಲು ಯಾವ ವ್ಯಾಖ್ಯಾನವೂ ಬೇಕಾಗಲಿಲ್ಲ.

ಬೈಬಲಿನಲ್ಲಿ ಗುರುತು ಹಾಕುವವರಿಗೆ ಒಂದು ಮಾತು. ಆ ಹಾಳೆ ಸಾಮಾನ್ಯ ನೋಟ್‌ಬುಕ್ ಹಾಳೆಗಿಂತ ಎಷ್ಟೋ ತೆಳು. ಜೆಲ್ ಪೆನ್ ಮತ್ತು ಮಾಮೂಲಿ ಹೈಲೈಟರ್ ಹಿಂದಿನ ಪುಟಕ್ಕೆ ಇಳಿಯುತ್ತವೆ, ಜುಲೈ ತಿಂಗಳ ತೇವದಲ್ಲಿ ಇನ್ನೂ ಹರಡುತ್ತವೆ. ಪೆನ್ಸಿಲ್ ಅಥವಾ ಬಣ್ಣದ ಪೆನ್ಸಿಲ್ ಸಾಕು.

4. ಅಡ್ಡ ಉಲ್ಲೇಖಗಳ ಬೆನ್ನು ಹತ್ತಿ

ಪುಟದಂಚಿನಲ್ಲೋ ಕೆಳಗೋ ಚಿಕ್ಕ ಅಕ್ಷರದಲ್ಲಿರುವ ವಚನಸೂಚನೆಗಳೇ ಅಡ್ಡ ಉಲ್ಲೇಖ. ಈ ಮಾತು ಬೈಬಲಿನಲ್ಲಿ ಬೇರೆಲ್ಲಿ ಬಂದಿದೆ ಎಂದು ಅವು ತೋರಿಸುತ್ತವೆ. ಲೂಕ 10:27ರಿಂದ ಹೊರಟರೆ ಧರ್ಮೋಪದೇಶಕಾಂಡ 6:5ಕ್ಕೂ ಯಾಜಕಕಾಂಡ 19:18ಕ್ಕೂ ಹೋಗುತ್ತೀರಿ. ಆ ಮನುಷ್ಯ ಎರಡು ಬೇರೆ ಬೇರೆ ಪುಸ್ತಕಗಳ ಆಜ್ಞೆಗಳನ್ನು ಜೋಡಿಸಿ ಹೇಳಿದ್ದಾನೆಂದು ಆಗ ಗೊತ್ತಾಗುತ್ತದೆ.

ಎಲ್ಲಾ ಉಲ್ಲೇಖಗಳನ್ನೂ ತಿರುವಿ ಹಾಕಲು ಹೋದರೆ ರಾತ್ರಿ ಕಳೆದೀತು. ವಚನ ನೇರವಾಗಿ ಉದ್ಧರಿಸಿರುವುದನ್ನು ಮೊದಲು ನೋಡಿ, ಆಮೇಲೆ ಅದೇ ಲೇಖಕನ ಬೇರೆ ಜಾಗಗಳನ್ನು ನೋಡಿ. ಲೂಕ 9:52ರಿಂದ 54ರಲ್ಲಿ ಸಮಾರ್ಯದ ಹಳ್ಳಿಯವರು ಯೇಸುವನ್ನು ಒಳಗೆ ಸೇರಿಸಲಿಲ್ಲ, ಶಿಷ್ಯರು ಆಕಾಶದಿಂದ ಬೆಂಕಿ ಬೀಳಿಸೋಣವೇ ಎಂದು ಕೇಳಿದರು. ಮುಂದಿನ ಅಧ್ಯಾಯದಲ್ಲೇ ಸಮಾರ್ಯದವನ ಕತೆ ಬರುತ್ತದೆ. ಈ ಎರಡನ್ನೂ ಅಕ್ಕಪಕ್ಕ ಇಟ್ಟವರಿಗೆ ಕತೆಯ ಬಿಸಿ ತಟ್ಟುತ್ತದೆ.

5. ಪದಸೂಚಿ: ಹೆಚ್ಚು ಫಲ, ಹೆಚ್ಚು ತಪ್ಪು

ಪದಸೂಚಿ ಅಥವಾ ಕನ್ಕಾರ್ಡೆನ್ಸ್ ಎಂದರೆ ಬೈಬಲಿನ ಯಾವ ಪದ ಎಲ್ಲೆಲ್ಲಿ ಬಂದಿದೆ ಎಂದು ಅಕಾರಾದಿಯಲ್ಲಿ ಕೊಡುವ ಪುಸ್ತಕ. ಕನ್ನಡದ್ದು ಕೈಗೆ ಸಿಕ್ಕದಿದ್ದರೆ ಮೊಬೈಲಿನ ಬೈಬಲ್ ಆ್ಯಪನ್ನೇ ಪದಸೂಚಿಯಾಗಿ ಬಳಸಬಹುದು. ಯೂವರ್ಷನ್‌ನಲ್ಲಿ ಓವಿ, ಸಿಎಲ್ ಎರಡೂ ಉಂಟು.

ಆದರೆ ಕನ್ನಡದಲ್ಲಿ ಹುಡುಕುವುದಕ್ಕೆ ಸ್ವಲ್ಪ ಉಪಾಯ ಬೇಕು. ವಿಭಕ್ತಿ ಬಿಟ್ಟು ಪದದ ಬುಡ ಮಾತ್ರ ಕೊಡಿ: 'ದೇವರು' ಬದಲು 'ದೇವರ', 'ಕನಿಕರಿಸಿ' ಬದಲು 'ಕನಿಕರ'. 'ಕುರಿ' ಎಂದು ಹುಡುಕಿದರೆ ಕುರಿಗಳಿಗಿಂತ ಹೆಚ್ಚಾಗಿ 'ಕುರಿತು' ಬಂದು ಮುತ್ತಿಕೊಳ್ಳುತ್ತದೆ. 'ಮರ' ಎಂದರೆ 'ಮರಣ'ವೂ ಬರುತ್ತದೆ. ಇವು ಕಣ್ಣಿಗೆ ಕಾಣುವ ತಪ್ಪುಗಳು, ದಾಟಿ ಹೋಗಬಹುದು. ಕಾಣದ ತಪ್ಪು ಸಂಧಿಯದ್ದು. 'ಕಲ್ಲು' ಎಂದು ಹುಡುಕಿದರೆ 'ಮೂಲೆಗಲ್ಲು' ಸಿಗುವುದೇ ಇಲ್ಲ, ಅಲ್ಲಿ ಕ ಹೋಗಿ ಗ ಬಂದಿದೆ. ಕಲ್ಲಿನ ಬಗ್ಗೆ ಪಾಠ ತಯಾರಿಸುವ ಸಂಡೆ ಸ್ಕೂಲ್ ಟೀಚರ್‌ಗೆ ಮುಖ್ಯವಾದ ವಚನಗಳೇ ಕೈತಪ್ಪಿದ ಹಾಗಾಯಿತು. ಹಾಗಾಗಿ ಕ, ತ, ಪದಿಂದ ಶುರುವಾಗುವ ಪದಗಳನ್ನು ಗ, ದ, ಬ ಹಾಕಿಯೂ ಒಮ್ಮೆ ಹುಡುಕಿ.

ಮೂಲಭಾಷೆಗೆ ಹೋಗುವ ದಾರಿ ಜೇಮ್ಸ್ ಸ್ಟ್ರಾಂಗ್ 1890ರಲ್ಲಿ ಹೊರತಂದ ಪದಸೂಚಿ. ಹೀಬ್ರೂ ಮತ್ತು ಗ್ರೀಕ್ ಪದಗಳಿಗೆಲ್ಲ ಆತ ಒಂದೊಂದು ಸಂಖ್ಯೆ ಕೊಟ್ಟ. ಗ್ರೀಕ್ ಬಾರದವರೂ ಸಂಖ್ಯೆ ಹಿಡಿದು ಒಂದೇ ಪದ ಎಲ್ಲೆಲ್ಲಿದೆ ಎಂದು ನೋಡಬಹುದು. ಬ್ಲೂ ಲೆಟರ್ ಬೈಬಲ್ ಎಂಬ ಜಾಲತಾಣದಲ್ಲಿ ಇದು ಉಚಿತ. ಒಂದು ಮಿತಿ ಉಂಟು: ಸ್ಟ್ರಾಂಗನ ಪಟ್ಟಿ ಇಂಗ್ಲಿಷಿನ ಕಿಂಗ್ ಜೇಮ್ಸ್ ಬೈಬಲಿನ ಪದಗಳಿಗೆ ಕಟ್ಟಿದ್ದು. ಕನ್ನಡ ಪದದಿಂದ ನೇರವಾಗಿ ಅದಕ್ಕೆ ಹೋಗಲಾಗುವುದಿಲ್ಲ. ಕನ್ನಡದಲ್ಲಿ ವಚನ ಹಿಡಿಯಿರಿ, ಅದೇ ವಚನವನ್ನು ಇಂಗ್ಲಿಷಿನಲ್ಲಿ ತೆರೆಯಿರಿ, ಅಲ್ಲಿಂದ ಸಂಖ್ಯೆಗೆ ಹೋಗಿ.

ಮಾಡಿ ನೋಡೋಣ. ಲೂಕ 10:33ರಲ್ಲಿ ಸಮಾರ್ಯದವನು ಗಾಯಗೊಂಡವನನ್ನು ನೋಡಿ ಕನಿಕರಪಡುತ್ತಾನೆ. ಗ್ರೀಕಿನ ಕ್ರಿಯಾಪದ ಸ್ಪ್ಲಾಂಖ್ನಿಜೊಮೈ, ಸಂಖ್ಯೆ 4697. ಲೂಕ ಈ ಕ್ರಿಯಾಪದವನ್ನು ಮೂರೇ ಕಡೆ ಬಳಸುತ್ತಾನೆ: 7:13ರಲ್ಲಿ ಮಗನನ್ನು ಕಳೆದುಕೊಂಡ ವಿಧವೆಯನ್ನು ಯೇಸು ಕಂಡಾಗ, ಇಲ್ಲಿ, ಮತ್ತು 15:20ರಲ್ಲಿ ಹಾಳಾಗಿ ಹೋದ ಮಗ ದೂರದಲ್ಲಿ ಬರುವುದನ್ನು ತಂದೆ ಕಂಡಾಗ. ಮೂರು ಕಡೆಯೂ 'ಕಂಡು' ಆಮೇಲೆ 'ಕನಿಕರ'. ಈ ಕ್ರಿಯಾಪದ ಹುಟ್ಟಿದ್ದು ಸ್ಪ್ಲಾಂಖ್ನ ಎಂಬ ನಾಮಪದದಿಂದ. ಅದರ ಅರ್ಥ ಕರುಳು, ಒಳಗಿನ ಅಂಗ. ಇಂಗ್ಲಿಷ್ ಓದುಗರಿಗೆ ಇದನ್ನು ಅರ್ಧ ಪುಟ ವಿವರಿಸಬೇಕು. ನಮಗೆ 'ಕರುಳು ಚುರುಕ್ ಅಂದಿತು' ಎಂದರೆ ಸಾಕು.

ಇಲ್ಲೇ ಜಾರುವುದು. ಮೂಲಾರ್ಥ ಕರುಳು ಎಂದು ಗೊತ್ತಾದ ಕೂಡಲೇ ದಯೆ, ಕರುಣೆ ಎಂದಿರುವಲ್ಲೆಲ್ಲ ಕರುಳನ್ನು ತುರುಕಬೇಡಿ. 37ನೇ ವಚನದಲ್ಲಿ ದಯೆ ಎಂದಿರುವುದು ಬೇರೆಯೇ ಪದ, ಎಲೆಯೊಸ್. ತಿರುಗಾಮುರುಗಾ ಕೂಡ ಆಗುತ್ತದೆ: ಲೂಕ 2:7ರಲ್ಲೂ 10:34ರಲ್ಲೂ ಕಿಂಗ್ ಜೇಮ್ಸ್‌ನಲ್ಲಿ ಛತ್ರಕ್ಕೆ ಒಂದೇ ಇಂಗ್ಲಿಷ್ ಪದ ಇದೆ. ಗ್ರೀಕಿನಲ್ಲಿ ಮೊದಲನೆಯದು ಕತಾಲುಮ, ಎರಡನೆಯದು ಪಂದೊಖೆಯೋನ್. ಮೊದಲನೆಯ ಪದವೇ 22:11ರಲ್ಲಿ ಯೇಸು ಶಿಷ್ಯರೊಂದಿಗೆ ಪಸ್ಕದ ಊಟ ಮಾಡಿದ ಕೋಣೆಗೂ ಬರುತ್ತದೆ. ಒಂದು ಪದದ ಬಗ್ಗೆ ತೀರ್ಮಾನಕ್ಕೆ ಬರುವ ಮುಂಚೆ ಸಂಖ್ಯೆ ನೋಡಿ.

6. ನಿಘಂಟು ಮತ್ತು ನಕ್ಷೆ

ಸತ್ಯವೇದ ನಿಘಂಟು ಪದಕೋಶವಲ್ಲ, ಚಿಕ್ಕ ವಿಶ್ವಕೋಶ. ಜನ, ಊರು, ಹಬ್ಬ, ನಾಣ್ಯ, ಗಿಡ ಎಲ್ಲವೂ ಅದರಲ್ಲಿರುತ್ತದೆ. ನಮ್ಮ ಭಾಗಕ್ಕೆ ನಾಲ್ಕು ನಮೂದು ನೋಡಿ: ಸಮಾರ್ಯ, ಲೇವಿಯ, ಯೆರಿಕೋ, ದೆನಾರಿ. ಸಮಾರ್ಯದವರ ಹುಟ್ಟನ್ನು ಯೆಹೂದ್ಯರು ಹೇಗೆ ನೋಡುತ್ತಿದ್ದರು ಎಂಬುದಕ್ಕೆ 2 ಅರಸುಗಳು 17, ಇಬ್ಬರ ನಡುವೆ ಬಳಕೆ ಇರಲಿಲ್ಲ ಎಂಬುದಕ್ಕೆ ಯೋಹಾನ 4:9. ದೆನಾರಿ ಒಂದು ದಿನದ ಕೂಲಿ, ಮತ್ತಾಯ 20:2ರಲ್ಲೇ ಲೆಕ್ಕ ಉಂಟು. ಸಮಾರ್ಯದವನು ಛತ್ರದವನ ಕೈಗಿತ್ತದ್ದು ಎರಡು ದೆನಾರಿ, ಅಂದರೆ ಎರಡು ದಿನದ ಸಂಬಳ. ಇದನ್ನು ಈಗಿನ ರೂಪಾಯಿಗೆ ಪರಿವರ್ತಿಸಿ ಹೇಳುವ ಪುಸ್ತಕಗಳನ್ನು ನಂಬಬೇಡಿ, ಅಚ್ಚಾದ ವರ್ಷಕ್ಕೇ ಆ ಲೆಕ್ಕ ಹಳಸಿರುತ್ತದೆ. ಕೂಲಿಯ ಲೆಕ್ಕದಲ್ಲೇ ಇಟ್ಟುಕೊಳ್ಳಿ.

ನಕ್ಷೆ ಬೈಬಲಿನ ಕೊನೆಯಲ್ಲೇ ಇರುತ್ತದೆ, ಬೇರೆ ಕೊಳ್ಳಬೇಕಿಲ್ಲ. ಆದರೆ ಚಪ್ಪಟೆ ನಕ್ಷೆಯಲ್ಲಿ ಎತ್ತರ ಕಾಣುವುದಿಲ್ಲ. ಯೆರೂಸಲೇಮ್ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲೆ, ಯೆರಿಕೋ ಸುಮಾರು 250 ಮೀಟರ್ ಕೆಳಗೆ. ನಡುವಿನ ದಾರಿ ಸುಮಾರು 27 ಕಿಲೋಮೀಟರ್. ಕೊಟ್ಟಿಗೆಹಾರದಿಂದ ಚಾರ್ಮಾಡಿಗೆ ಇಳಿದು ಬಂದವರಿಗೆ ಇಳಿಜಾರಿನ ಅಂದಾಜು ಸಿಗುತ್ತದೆ. ಒಂದೇ ವ್ಯತ್ಯಾಸ, ಅಲ್ಲಿ ಕಾಡಿಲ್ಲ, ಬರೀ ಬೋಳು ಬಂಡೆ.

7. ಈಗ ವ್ಯಾಖ್ಯಾನ ತೆರೆಯಿರಿ

ವ್ಯಾಖ್ಯಾನ ಎಂದರೆ ವಚನ ವಚನಕ್ಕೆ ಬಲ್ಲವರು ಬರೆದ ವಿವರಣೆ. ಇಡೀ ಬೈಬಲಿಗೆ ಒಂದೇ ಸಂಪುಟದ್ದು ಕೊಂಡರೆ ಪ್ರತಿ ಭಾಗಕ್ಕೂ ಸಿಗುವುದು ನಾಲ್ಕೇ ಸಾಲು. ನೀವು ಈಗ ಓದುತ್ತಿರುವ ಒಂದು ಗ್ರಂಥದ ಮೇಲಿನ ವ್ಯಾಖ್ಯಾನ ಕೊಂಡರೆ ಅದೇ ಹಣಕ್ಕೆ ಹತ್ತು ಪಟ್ಟು ಸಿಗುತ್ತದೆ. ಹೊಸ ಒಡಂಬಡಿಕೆಗೆ ವಿಲಿಯಂ ಬಾರ್ಕ್ಲೆಯ 17 ಸಂಪುಟಗಳ ಸರಣಿ ಪದಗಳ ಹಿನ್ನೆಲೆಗೂ ಅಂದಿನ ಜೀವನಕ್ಕೂ ಒಳ್ಳೆಯದು, ಬಿಡಿಯಾಗಿ ಕೊಳ್ಳಬಹುದು. 1714ರಲ್ಲಿ ತೀರಿಕೊಂಡ ಮ್ಯಾಥ್ಯೂ ಹೆನ್ರಿಯ ವ್ಯಾಖ್ಯಾನ ಹಕ್ಕುಸ್ವಾಮ್ಯ ಮುಗಿದದ್ದರಿಂದ ಇಂಟರ್ನೆಟ್ಟಿನಲ್ಲಿ ಉಚಿತವಾಗಿದೆ. ಭಕ್ತಿಗೆ ಚೆನ್ನ, ಆದರೆ ಆತನ ಕಾಲದ ಮೇಲೆ ಪತ್ತೆಯಾದ ಹಸ್ತಪ್ರತಿ, ಉತ್ಖನನ ಯಾವುದೂ ಅದರಲ್ಲಿಲ್ಲ. ಕನ್ನಡಕ್ಕೆ ಅನುವಾದವಾದ ವ್ಯಾಖ್ಯಾನ ಸಿಕ್ಕರೆ ಹಕ್ಕುಪುಟ ತಿರುವಿ ನೋಡಿ. ಮೂಲ ಲೇಖಕ ಯಾರು, ಮೂಲ ಯಾವ ವರ್ಷದ್ದು, ಅನುವಾದಕ ಯಾರು, ಸಂಗ್ರಹವೋ ಪೂರ್ತಿಯೋ ಎಂಬ ನಾಲ್ಕು ವಿವರವೂ ಇಲ್ಲದಿದ್ದರೆ ಬಿಟ್ಟುಬಿಡಿ. ಮನೆಬಾಗಿಲಿಗೆ ಉಚಿತವಾಗಿ ಬರುವ ಪುಸ್ತಕಕ್ಕೂ ಇದೇ ಪರೀಕ್ಷೆ.

ಕಥೋಲಿಕ ಓದುಗರು ಮೊದಲ ಪುಟಗಳಲ್ಲಿ 'ನಿಹಿಲ್ ಒಬ್ಸ್ತಾತ್', 'ಇಂಪ್ರಿಮಾತುರ್' ಎಂಬ ಲ್ಯಾಟಿನ್ ಮಾತುಗಳನ್ನು ಹುಡುಕಬೇಕು. ಮೊದಲನೆಯದು ಪರಿಶೀಲಕರ ಒಪ್ಪಿಗೆ, ಎರಡನೆಯದು ಬಿಷಪರ ಮುದ್ರಣಾನುಮತಿ. ವಿಶ್ವಾಸಕ್ಕೆ ವಿರುದ್ಧವಾದದ್ದು ಇಲ್ಲ ಎಂದಷ್ಟೇ ಇದರ ಅರ್ಥ, ಒಳಗಿನ ಪ್ರತಿ ಅಭಿಪ್ರಾಯವೂ ಧರ್ಮಸಭೆಯದ್ದೆಂದು ಅಲ್ಲ. ಜೊತೆಗೆ 1992ರಲ್ಲಿ ಬಂದ, 2865 ಪರಿಚ್ಛೇದಗಳ ಕಥೋಲಿಕ ಧರ್ಮೋಪದೇಶ ಗ್ರಂಥ ಇಟ್ಟುಕೊಳ್ಳಿ. ಅದರ ಕೊನೆಯ ಸೂಚಿಯಲ್ಲಿ ಬೈಬಲ್ ವಚನದಿಂದ ಪರಿಚ್ಛೇದಕ್ಕೆ ಹೋಗಬಹುದು. ಬಹಳ ಜನ ಈ ಸೂಚಿಯನ್ನು ತೆರೆದೇ ನೋಡಿರುವುದಿಲ್ಲ.

ವ್ಯಾಖ್ಯಾನವನ್ನು ಓದುವಾಗ ನಿಮ್ಮ ನೋಟ್‌ಬುಕ್ಕಿನ ಐದು ಪ್ರಶ್ನೆ ಎದುರಿಗಿರಲಿ. ಉತ್ತರ ಸಿಕ್ಕಿದ್ದಕ್ಕೆ ಟಿಕ್, ಸಿಗದಿದ್ದಕ್ಕೆ ಹಾಗೇ ಬಿಡಿ. ವ್ಯಾಖ್ಯಾನಕಾರ ಹೇಳಿದ್ದನ್ನು ವಾಕ್ಯದ ಜೊತೆ ತಾಳೆ ನೋಡಿ. ಯಾಜಕನೂ ಲೇವಿಯನೂ ಹೆಣ ಮುಟ್ಟಿದರೆ ಮೈಲಿಗೆಯಾಗಿ ದೇವಾಲಯದ ಸೇವೆ ತಪ್ಪೀತೆಂದು ಹೆದರಿ ದಾಟಿ ಹೋದರು ಎಂದು ಅನೇಕ ಪುಸ್ತಕಗಳಲ್ಲಿದೆ. ಮೈಲಿಗೆಯ ನಿಯಮ ನಿಜ, ಯಾಜಕಕಾಂಡ 21ರಲ್ಲಿ ಉಂಟು. ಆದರೆ 31ನೇ ವಚನ ನೋಡಿ, ಯಾಜಕ ಆ ದಾರಿಯಲ್ಲಿ ಇಳಿಯುತ್ತಿದ್ದಾನೆ. ಇಳಿಯುವುದೆಂದರೆ ಯೆರೂಸಲೇಮಿನಿಂದ ಯೆರಿಕೋ ಕಡೆಗೆ, ಸೇವೆ ಬಿಟ್ಟು ಊರಿಗೆ. ಕಾರಣ ಏನೆಂದು ಲೂಕ ಬರೆದೇ ಇಲ್ಲ. ನಕ್ಷೆ ನೋಡಿದವರಿಗೆ ಮಾತ್ರ ಈ ತಕರಾರು ಹೊಳೆಯುತ್ತದೆ, ವ್ಯಾಖ್ಯಾನವನ್ನೇ ಮೊದಲು ತೆರೆದವರಿಗೆ ಹೊಳೆಯುವುದಿಲ್ಲ.

ಸಾಧ್ಯವಾದರೆ ಕಾಲ ಬೇರೆಯಾದ ಎರಡು ವ್ಯಾಖ್ಯಾನ ನೋಡಿ. ಸಂತ ಅಗಸ್ಟಿನ್ (354–430) ಈ ಸಾಮ್ಯದಲ್ಲಿ ಗಾಯಗೊಂಡವನು ಆದಾಮ, ಸಮಾರ್ಯದವನು ಕ್ರಿಸ್ತ, ಛತ್ರ ಧರ್ಮಸಭೆ ಎಂದು ಓದಿದ. ಇಂದಿನ ಹೆಚ್ಚಿನ ವ್ಯಾಖ್ಯಾನಕಾರರು ಹಾಗೆ ಓದುವುದಿಲ್ಲ. ಎರಡನ್ನೂ ನೋಟ್‌ಬುಕ್ಕಿನಲ್ಲಿ ಬೇರೆ ಬೇರೆ ಅಂಕಣದಲ್ಲಿ ಬರೆಯಿರಿ, ಕಲಸಬೇಡಿ.

8. ಧ್ಯಾನದ ಪುಸ್ತಕಗಳ ಜಾಗ

ದಿನಕ್ಕೊಂದು ಪುಟದ ಧ್ಯಾನಮಾಲೆಗಳು ಅಧ್ಯಯನದ ಬದಲಿಗೆ ಅಲ್ಲ, ಅದರ ಬಳಿಕ. ಒಂದು ವಚನ ಎತ್ತಿ ಒಂದು ಕತೆ ಹೇಳಿ ಮುಗಿಸುವ ಪುಸ್ತಕದಿಂದ ಬೆಳಗಿನ ಪ್ರಾರ್ಥನೆಗೆ ಸಹಾಯವಾದೀತು, ಆ ವಚನದ ಹಿಂದುಮುಂದು ಗೊತ್ತಾಗುವುದಿಲ್ಲ. ಅಂಥದ್ದನ್ನು ಓದುವಾಗ ವಚನದ ಮೇಲಿನ ಐದು, ಕೆಳಗಿನ ಐದು ವಚನ ಬೈಬಲಿನಲ್ಲೇ ಓದುವ ಅಭ್ಯಾಸ ಇಟ್ಟುಕೊಳ್ಳಿ. ನಿಧಾನವಾಗಿ ಓದುವಂಥದ್ದು ಬೇಕಾದರೆ ಇಂಗ್ಲಿಷ್ ಲೇಖಕ ಜಾನ್ ಬನ್ಯನ್‌ನ ಯಾತ್ರಿಕನ ಕತೆ ಇದೆ. ಅದನ್ನು 'ಯಾತ್ರಿಕನ ಸಂಚಾರ' ಎಂದು ಬಾಸೆಲ್ ಮಿಷನ್‌ನವರು 19ನೇ ಶತಮಾನದಲ್ಲೇ ಕನ್ನಡಕ್ಕೆ ತಂದಿದ್ದರು.

ಯಾವ ಗ್ರಂಥದಿಂದ ಶುರು ಮಾಡುವುದು ಎಂದು ತೋಚದಿದ್ದರೆ ಪೂಜೆಯ ವಾಚನಗಳನ್ನೇ ಅನುಸರಿಸಿ. ಕಥೋಲಿಕ ವಾಚನಕ್ರಮದಲ್ಲಿ ಭಾನುವಾರಗಳಿಗೆ ಮೂರು ವರ್ಷದ ಚಕ್ರ: ಎ ವರ್ಷ ಮತ್ತಾಯ, ಬಿ ವರ್ಷ ಮಾರ್ಕ, ಸಿ ವರ್ಷ ಲೂಕ. ಇಸವಿಯನ್ನು 3ರಿಂದ ಭಾಗಿಸಿ. ಶೇಷ ಉಳಿಯದಿದ್ದರೆ ಸಿ, 1 ಉಳಿದರೆ ಎ, 2 ಉಳಿದರೆ ಬಿ. 2025 ಸಿ, 2026 ಎ. ಹೊಸ ಚಕ್ರ ಜನವರಿಯಲ್ಲಲ್ಲ, ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಶುರುವಾಗುತ್ತದೆ ಎಂಬುದನ್ನು ಮರೆಯಬೇಡಿ, ಡಿಸೆಂಬರ್‌ನಲ್ಲಿ ಲೆಕ್ಕ ತಪ್ಪುವುದು ಇದರಿಂದಲೇ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸಭೆಯವರಿಗೆ ಪ್ರತಿ ವರ್ಷದ ಪಂಚಾಂಗದಲ್ಲಿ ಆಯಾ ಭಾನುವಾರದ ವಿಷಯವೂ ಪಾಠಗಳೂ ಇರುತ್ತವೆ. ಭಾನುವಾರದ ಪಾಠವನ್ನು ಬುಧವಾರವೇ ಅಧ್ಯಯನ ಮಾಡಿ ಹೋದರೆ ಪ್ರಸಂಗ ಕೇಳುವ ಕಿವಿಯೇ ಬೇರೆಯಾಗಿರುತ್ತದೆ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ದುಬಾರಿ ವ್ಯಾಖ್ಯಾನಗಳನ್ನು ಕೊಳ್ಳುವ ಮುಂಚೆ ಒಮ್ಮೆ ಕೈಯಲ್ಲಿ ಹಿಡಿದು ನೋಡುವುದು ಒಳ್ಳೆಯದು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು, ಜೆಪ್ಪುವಿನ ಸಂತ ಜೋಸೆಫರ ಸೆಮಿನರಿ, ಎರಡು ಕಡೆಯೂ ದೇವಶಾಸ್ತ್ರದ ಗ್ರಂಥಾಲಯಗಳಿವೆ. ಅವು ಮುಖ್ಯವಾಗಿ ಅಲ್ಲಿನ ವಿದ್ಯಾರ್ಥಿಗಳಿಗಾಗಿ ಇರುವುದರಿಂದ ಮೊದಲೇ ಫೋನ್ ಮಾಡಿ ಅನುಮತಿ ಕೇಳಿ, ನಿಮ್ಮ ಸಭಾಪಾಲಕರ ಅಥವಾ ಇಗರ್ಜಿಯ ವಿಗಾರರ ಒಂದು ಪತ್ರ ಜೊತೆಗಿದ್ದರೆ ಕೆಲಸ ಸುಲಭ. ಅಲ್ಲಿ ನೀವು ಓದುತ್ತಿರುವ ಭಾಗದ ಮೇಲೆ ಮೂರು ವ್ಯಾಖ್ಯಾನ ತೆಗೆದು ಅರ್ಧ ಗಂಟೆ ಹೋಲಿಸಿ. ನಿಮ್ಮ ಪ್ರಶ್ನೆಗಳಿಗೆ ಯಾವುದು ಹತ್ತಿರವಾಗಿ ಉತ್ತರಿಸುತ್ತದೋ ಅದನ್ನೇ ಕೊಳ್ಳಿ.

ಕೊಂಡದ್ದನ್ನು ಮಳೆಗಾಲದಿಂದ ಉಳಿಸಿಕೊಳ್ಳಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಸ್ತಕಗಳನ್ನು ಹೊರಗೋಡೆಗೆ ತಾಗಿಸಿ ಇಡಬೇಡಿ, ನಾಲ್ಕು ಬೆರಳು ಜಾಗ ಬಿಡಿ. ಬಿಗಿಯಾಗಿ ಒತ್ತಿ ಜೋಡಿಸಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಒಳಗಿನ ತೇವ ಹೊರಗೆ ಹೋಗದೆ ಬೂಸ್ಟು ಬೇಗ ಬರುತ್ತದೆ. ಪ್ರತಿದಿನ ಮುಟ್ಟುವ ಬೈಬಲಿಗಿಂತ ವಾರಗಟ್ಟಲೆ ತೆರೆಯದ ನಿಘಂಟಿಗೇ ಬೂಸ್ಟು ಮೊದಲು ಹಿಡಿಯುವುದು. ಹದಿನೈದು ದಿನಕ್ಕೊಮ್ಮೆ ಎಲ್ಲವನ್ನೂ ತೆಗೆದು ಪುಟ ಸರಸರನೆ ತಿರುವಿ ಗಾಳಿ ಆಡಿಸಿ. ಬೂಸ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಒಣ ಬ್ರಷ್‌ನಿಂದ ಮನೆಯ ಹೊರಗೆ ಉದುರಿಸಿ. ಸೋರುವ ಮಾಡಿನಿಂದ ಬೈಬಲ್ ನೆನೆದರೆ ಬಿಸಿಲಿಗೆ ಇಡಬೇಡಿ, ತೆಳು ಹಾಳೆ ಸುಕ್ಕುಗಟ್ಟಿ ಒಂದಕ್ಕೊಂದು ಅಂಟುತ್ತದೆ. ಇಪ್ಪತ್ತು ಪುಟಕ್ಕೊಂದರಂತೆ ಟಿಶ್ಯೂ ಪೇಪರ್ ಇಟ್ಟು, ಫ್ಯಾನಿನ ಕೆಳಗೆ ನಿಲ್ಲಿಸಿ, ಟಿಶ್ಯೂ ಒದ್ದೆಯಾದ ಹಾಗೆ ಬದಲಿಸುತ್ತಾ ಬನ್ನಿ. ಪೂರ್ತಿ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ, ಅಲ್ಲಿಯವರೆಗೆ ಮುಚ್ಚಬೇಡಿ.